ಕೆಳಗಿನವನು ಹೂಂ ಅನ್ನುವವರೆಗೆ

ವಾಣಿ ಗುಂಡಿ ಒತ್ತಿದಳು. ಲ್ಯಾಡಲ್ ಅಲ್ಲಾಡಲಿಲ್ಲ.

ಮತ್ತೆ ಒತ್ತಿದಳು. ಕ್ಯಾಬಿನ್ನಿನ ಗಾಜಿನಾಚೆ, ಕರಗಿದ ಕಬ್ಬಿಣ ಸುರಿಯುವ ಆ ದೊಡ್ಡ ಹಂಡೆ ಖಾಲಿಯಾಗಿ ತೂಗುತ್ತ ಸುಮ್ಮನಿತ್ತು. ಪರದೆಯ ಮೇಲೆ ಒಂದೇ ಸಾಲು ಮಿನುಗುತ್ತಿತ್ತು: ‘ಕೆಳಗೆ ಯಾರಿದ್ದೀರಿ? ಬಿಡ್ಲಾ?’

ಕೆಳಗೆ ಎರಕದ ಅಚ್ಚುಗಳ ನಡುವೆ ನಿಂತಿದ್ದ ಹಳೆಯ ಕೆಲಸಗಾರ ಭೈರಪ್ಪ, ಕಂಬಕ್ಕೆ ಹೊಸದಾಗಿ ಕೂರಿಸಿದ್ದ, ಪ್ರಶ್ನೆ ಬಂದಾಗ ಮಿನುಗುವ ಹಸಿರು ಗುಂಡಿಯನ್ನು ಅಂಗೈಯಿಂದ ಗುದ್ದಿದರು. ಆಗ ಲ್ಯಾಡಲ್ ನಿಧಾನಕ್ಕೆ ಬಗ್ಗಿತು. ಅವರು ಒಂದು ಹೆಜ್ಜೆ ಹಿಂದೆ ಸರಿದು ಬಾಯಿ ತೆರೆದು ನೋಡಿದರು. ಆಮೇಲೆ ಮೆಟ್ಟಿಲು ಹತ್ತಿ ಬಂದು ಕ್ಯಾಬಿನ್ನಿನ ಬಾಗಿಲು ತಳ್ಳಿದರು.

"ಎಲಾ ಇದರ! ನಾನು ಹೂಂ ಅನ್ನೋವರ್ಗೂ ಕಾಯ್ತಲ್ಲ ಮಾರಾಯ್ತಿ. ನಮ್ಮನೆಯಾಕೆ ಸುವರ್ಣಮ್ಮನೂ ಇಷ್ಟು ಕಾಯಲ್ಲ!"

ಭದ್ರಾವತಿಯ ಈ ಫೌಂಡ್ರಿಯಲ್ಲಿ ಕ್ರೇನನ್ನು ಕೈಯಲ್ಲಿ ನಡೆಸುತ್ತಿದ್ದ ಕಾಲದಿಂದಲೂ ಒಂದು ಪದ್ಧತಿಯಿತ್ತು. ಮೇಲೆ ಕ್ರೇನಿನಲ್ಲಿ ಕೂತವನು "ಬಿಡ್ಲಾ?" ಎಂದು ಕೂಗಬೇಕು. ಯಾರ ಮೈ ಪಕ್ಕದಲ್ಲಿ ಕರಗಿದ ಕಬ್ಬಿಣ ಹರಿಯುತ್ತದೋ ಅವನೇ ಹೂಂ ಅನ್ನಬೇಕು. ಅವನ ಪರವಾಗಿ ಮೇಸ್ತ್ರಿ ಅಂದರೂ ನಡೆಯದು, ಮಾಲೀಕ ಅಂದರೂ ನಡೆಯದು. ತಮಿಳಿನವನು ಆಮಾ ಅಂದರೂ ಸೈ, ತೆಲುಗಿನವನು ಸರೇ ಅಂದರೂ ಸೈ, ದನಿ ಮಾತ್ರ ಅವನದೇ ಆಗಿರಬೇಕು. ಆಮೇಲೆ ಕಂಪ್ಯೂಟರ್ ಬಂತು, ಗಾಜಿನ ಕ್ಯಾಬಿನ್ ಬಂತು, ಕೂಗು ಗಾಜಿನೊಳಗೇ ಉಳಿಯಿತು. ಪ್ರೋಗ್ರಾಂ ಬರೆದವರು ಆ ಪ್ರಶ್ನೆಯನ್ನು ಕೆಲವು ಕಡೆ ಸೇರಿಸಿದ್ದರು, ಕೆಲವು ಕಡೆ ಮರೆತಿದ್ದರು. ಹಾಗೆ ಮರೆತ ಒಂದು ಕಡೆಯಿಂದಲೇ ಹೋದ ತಿಂಗಳು ಕಬ್ಬಿಣ ಇಳಿದು ಭೈರಪ್ಪನವರ ಬೂಟು ಸುಟ್ಟಿತ್ತು. ಕಾಲು ಉಳಿದದ್ದು ಪುಣ್ಯ.

ಅದನ್ನು ಸರಿಪಡಿಸಲು ಶಿವಮೊಗ್ಗದಿಂದ ಬಂದವಳು ವಾಣಿ. ದಿನಾ ಅಲ್ಲಿನ ರಾಗಿಗುಡ್ಡದಿಂದ ಬಸ್ಸು ಹಿಡಿದು ಬರುತ್ತಿದ್ದಳು. ಕಾಂಟ್ರಾಕ್ಟು ಈ ವಾರಕ್ಕೆ ಮುಗಿಯುತ್ತಿತ್ತು. ಕ್ರೇನ್ ನಡೆಸುತ್ತಿದ್ದದ್ದು ಪರ್ಲ್ ಎಂಬ ಕಂಪ್ಯೂಟರ್ ಭಾಷೆಯ ಹಳೆಯ ಪ್ರೋಗ್ರಾಂ, ಲಂಟಾನದ ಪೊದೆಯ ಹಾಗೆ ಕಂಡಕಂಡಲ್ಲಿ ಬೆಳೆದಿತ್ತು. ಲ್ಯಾಡಲ್ ಬಗ್ಗಿಸು, ಕುಲುಮೆ ತೆರೆ, ಹೀಗೆ ಒಂದೊಂದು ಕೆಲಸಕ್ಕೆ ಒಂದೊಂದು ಸಬ್‌ರುಟೀನ್, ಅಂದರೆ ಹೆಸರಿಟ್ಟು ಕಟ್ಟಿದ ಆದೇಶಗಳ ಗಂಟು. ಅಷ್ಟಕ್ಕೂ ಪ್ರಶ್ನೆಯನ್ನು ಕೈಯಾರೆ ತುರುಕುತ್ತ ಹೋದರೆ ತಾನೂ ಒಂದನ್ನು ಮರೆಯುವುದು ಖಂಡಿತ ಅನಿಸಿತ್ತು. ಆಗ ಅವಳ ಕಣ್ಣಿಗೆ ಬಿದ್ದದ್ದು ಅದು: ಸಬ್‌ರುಟೀನಿನ ಹೆಸರಿನ ಪಕ್ಕ ಒಂದರ ಮೇಲೊಂದು ಎರಡು ಚುಕ್ಕೆ ಇಟ್ಟು ನಮ್ಮದೇ ಒಂದು ಪದ ಬರೆಯಬಹುದು.

ಇಂಗ್ಲಿಷ್ ಅಕ್ಷರಗಳಲ್ಲಿ ‘ಸಾಕ್ಷಿ’ ಎಂದು ಬರೆದಳು. ಈ ಪದ ನನಗೆ ಗೊತ್ತಿಲ್ಲ ಎಂದು ಭಾಷೆ ತಳ್ಳಿಹಾಕಿತು. ಪ್ರೋಗ್ರಾಂ ಶುರುವೇ ಆಗಲಿಲ್ಲ. ಪದಕ್ಕೆ ಅರ್ಥ ಹೇಳುವ ನಾಲ್ಕು ಸಾಲು ಬರೆದಳು: ಈ ಗುರುತಿರುವ ಕೆಲಸವನ್ನು ಮೊದಲು ನನ್ನ ಕೈಗೆ ಕೊಡು, ಅದರ ಬಾಗಿಲಲ್ಲಿ ಒಂದು ಪ್ರಶ್ನೆಯನ್ನು ಕಾವಲಿಟ್ಟು ವಾಪಸು ಕೊಡುತ್ತೇನೆ. ಮತ್ತೆ ಓಡಿಸಿದಳು. ಭಾಷೆ ಈ ಸಲ ತಕರಾರು ಮಾಡಲಿಲ್ಲ.

ವಾಣಿಯ ಮೈ ಜುಮ್ಮೆಂದಿತ್ತು. ತಾನು ಹುಟ್ಟುವ ಮೊದಲೇ ಎಲ್ಲೋ ಯಾರೋ ಕಟ್ಟಿದ ಭಾಷೆ. ಕಟ್ಟಿದವರಿಗೆ ಭದ್ರಾವತಿ ಗೊತ್ತಿಲ್ಲ, "ಬಿಡ್ಲಾ" ಗೊತ್ತಿಲ್ಲ, ಭೈರಪ್ಪನವರ ಕಾಲು ಗೊತ್ತಿಲ್ಲ. ಆದರೂ ಗೋಡೆಯಲ್ಲೊಂದು ಗೂಡು ಬಿಟ್ಟಿದ್ದರು, ಮುಂದೆ ಬರುವವರು ತಮ್ಮ ದೀಪ ಇಟ್ಟುಕೊಳ್ಳಲಿ ಎಂದು. ಅವತ್ತು ಅವಳು ಊಟದ ಡಬ್ಬಿ ತೆರೆಯುವುದನ್ನೇ ಮರೆತು ಆ ಒಂದು ಪದವನ್ನು ನೋಡುತ್ತ ಕೂತಿದ್ದಳು.

ಇವತ್ತು ಖಾಲಿ ಲ್ಯಾಡಲ್ಲಿನ ಪರೀಕ್ಷೆ ಮುಗಿದ ಮೇಲೆ, ಮಧ್ಯಾಹ್ನ ನಿಜವಾದ ಕಬ್ಬಿಣ ಬಂತು. ಮ್ಯಾನೇಜರ್ ವಿಜಯಕುಮಾರ್ ತಾವೇ ಕ್ಯಾಬಿನ್ನಿಗೆ ಬಂದರು. ಮೊದಲ ಸಾಲಿನ ಅಚ್ಚುಗಳು ತುಂಬಿದವು. ಪ್ರತಿ ಸಲವೂ ಪರದೆ ಕೇಳಿತು, ಪ್ರತಿ ಸಲವೂ ಕೆಳಗಿನಿಂದ ಉತ್ತರ ಬಂತು. ಎರಡನೆಯ ಸಾಲಿಗೆ ಬರುವಷ್ಟರಲ್ಲಿ ಹೊಗೆ ದಟ್ಟವಾಗಿ ಕಟ್ಟಿಕೊಂಡು ನೆಲವೇ ಕಾಣದಾಯಿತು. ವಾಣಿ ಗುಂಡಿ ಒತ್ತಿದಳು. ಪ್ರಶ್ನೆ ಮಿನುಗಿತು. ಉತ್ತರ ಬರಲಿಲ್ಲ.

"ಚಾ ಕುಡಿಯಕ್ಕೆ ಹೋಗಿರ್ತಾರೆ ಬಿಡು," ಎಂದರು ವಿಜಯಕುಮಾರ್. "ಯಾರೂ ಇಲ್ಲದ ಕಡೆ ಯಾರನ್ನ ಕೇಳ್ತಾ ಕೂತಿದೆ ನಿನ್ನ ಪ್ರೋಗ್ರಾಂ?"

"ಹೊಗೆ ಕಟ್ಟಿದೆ ಸರ್. ಇಲ್ಲ ಅಂತ ಹೆಂಗೆ ಹೇಳೋದು? ನಾನೇ ಇಳಿದು ನೋಡ್ಕೊಂಡು ಬರ್ತೀನಿ."

"ನೀನು ಇಳಿದು ಹತ್ತೋಷ್ಟರಲ್ಲಿ ಕಬ್ಬಿಣ ಕಲ್ಲಾಗಿರುತ್ತೆ! ಲ್ಯಾಡಲ್ಲಲ್ಲೇ ಹೆಪ್ಪುಗಟ್ಟಿದ್ರೆ ವಾರಗಟ್ಟಲೆ ಕೆಲಸ ಬಂದ್. ಮಾಲೀಕರಿಗೆ ನೀನು ಉತ್ತರ ಕೊಡ್ತೀಯಾ?"

ಅವಳು ಮೈಕಿನಲ್ಲಿ "ಭೈರಪ್ಪನೋರೇ!" ಎಂದು ಕೂಗಿದಳು. ಕುಲುಮೆಯ ಮೊರೆತವೊಂದೇ ಕೇಳಿಸಿತು.

ವಿಜಯಕುಮಾರ್ ಕುರ್ಚಿ ಹತ್ತಿರಕ್ಕೆ ಎಳೆದುಕೊಂಡರು. ದನಿ ಮೆತ್ತಗಾಯಿತು. "ನೋಡಮ್ಮ, ನೀನು ಸೇರಿಸಿದ ಆ ಒಂದು ಪದ ಅಳಿಸು. ಇವತ್ತಿಗೆ ಮಾತ್ರ. ಸೋಮವಾರದಿಂದ ನೀನಿಲ್ಲಿ ಪರ್ಮನೆಂಟು. ಕ್ವಾರ್ಟರ್ಸೂ ಕೊಡಿಸ್ತೀನಿ, ಬಸ್ಸಲ್ಲಿ ನೇತಾಡೋದು ತಪ್ಪುತ್ತೆ."

ವಾಣಿ ಆ ಸಾಲನ್ನು ತೆರೆದಳು. ಎರಡು ಚುಕ್ಕೆ, ಒಂದು ಪದ. ಬರೆಯುವುದು ಎಷ್ಟು ಸುಲಭವಿತ್ತೋ ಅಳಿಸುವುದೂ ಅಷ್ಟೇ ಸುಲಭ. ಅಳಿಸಿದರೆ ಭಾಷೆ ಏನೂ ಕೇಳುವುದಿಲ್ಲ, ಒಪ್ಪಿಕೊಂಡಷ್ಟೇ ತಣ್ಣಗೆ ಮರೆತುಬಿಡುತ್ತದೆ. ಗಾಜಿನಾಚೆ ಹೊಗೆಯ ನಡುವೆ ಲ್ಯಾಡಲ್ಲಿನ ಕೆಂಪು ನಿಧಾನವಾಗಿ ಮಂಕಾಗುತ್ತಿತ್ತು. ಪರದೆಯ ಮೂಲೆಯಲ್ಲಿ ಪ್ರಶ್ನೆ ಇನ್ನೂ ಮಿನುಗುತ್ತಲೇ ಇತ್ತು.

ಅವಳು ಕೀಬೋರ್ಡಿನಿಂದ ಕೈ ತೆಗೆದು ಮಡಿಲಲ್ಲಿಟ್ಟುಕೊಂಡಳು.

"ಅಳಿಸಲ್ಲ ಸರ್."