ಸುಣ್ಣವಿಲ್ಲದ ಕೆಂಪು

ಸೋಮವಾರ ಪರೀಕ್ಷೆ. ಅದೂ ರೋಗಿಯನ್ನು ಎದುರಿಗೆ ಕೂರಿಸಿಕೊಂಡು ಮಾಡುವ ಪರೀಕ್ಷೆ. ಪುಸ್ತಕವನ್ನು ಎಷ್ಟು ಉರುಹೊಡೆದರೂ ಬೆರಳಿಗೆ ಅಭ್ಯಾಸವಿಲ್ಲದಿದ್ದರೆ ಪರೀಕ್ಷಕರು ಹುರಿದು ಮುಕ್ಕುತ್ತಾರೆ. ಹಾಗಾಗಿ ಭವ್ಯಶ್ರೀ ಓದುವ ರಜೆಗೆ ತನ್ನೂರು ದೇಲಂಪಾಡಿಗೆ ಬಂದದ್ದೇ ಅಪ್ಪನ ಬೆನ್ನನ್ನು ನಂಬಿಕೊಂಡು.

ಅಪ್ಪ ಚೆನ್ನಪ್ಪ ಕರಿಕಲ್ಲಿನ ಕೆಲಸದವರು. ಮೊದಲು ಉಳಿ, ಸುತ್ತಿಗೆ. ಆಮೇಲೆ ಕಟ್ಟರ್ ಮೆಷಿನ್. ಸಂಜೆ ಮನೆಗೆ ಬರುವಾಗ ತಲೆ, ಹುಬ್ಬು, ರೆಪ್ಪೆಯೆಲ್ಲ ಕಲ್ಲಿನ ಹುಡಿ. ಮಗಳು ಮೆಡಿಕಲ್ ಸೇರಿದ ಮೇಲೆ ಅವರಿಗೆ ಇನ್ನೊಂದು ಉದ್ಯೋಗ ಸಿಕ್ಕಿತ್ತು, ರೋಗಿಯಾಗುವುದು. ಜಗಲಿಯ ಬೆಂಚಿನಲ್ಲಿ ಬನಿಯನ್ ಕಳಚಿ ಕೂರುತ್ತಿದ್ದರು. ಆಟಕ್ಕೆ ನಿಯಮ ಒಂದೇ: ಬೆಂಚಿನಲ್ಲಿ ಕೂತವರು ಸುಳ್ಳು ಹೇಳಬಾರದು. ಒಮ್ಮೆ ಹಾಗೆ ಕೂತು ದಿನಕ್ಕೊಂದು ಕಟ್ಟು ಬೀಡಿ ಎಂದು ಹೆಂಡತಿಯ ಎದುರಲ್ಲೇ ಒಪ್ಪಿಕೊಂಡು, ವಾರವಿಡೀ ಬೈಗುಳ ತಿಂದಿದ್ದರು. ಕೊನೆಗೆ ಮಗಳು ರೋಗದ ಹೆಸರನ್ನು ಇಂಗ್ಲಿಷಿನಲ್ಲಿ ಹೇಳುವುದು, ಅವರು ಒಂದಕ್ಷರವೂ ಅರ್ಥವಾಗದೆ ಚಪ್ಪಾಳೆ ತಟ್ಟುವುದು.

ಈ ಸಲ ಮನುಷ್ಯ ಬೆಂಚಿನ ಹತ್ತಿರ ಸುಳಿಯುತ್ತಲೇ ಇಲ್ಲ. ಮನೆಯಲ್ಲೂ ದೊಗಳೆ ಅಂಗಿ ತೊಟ್ಟೇ ತಿರುಗುತ್ತಿದ್ದಾರೆ.

"ಅಮ್ಮನ ಬೆನ್ನು ಉಂಟಲ್ಲ ಮಾರಾಯ್ತಿ, ಅದಕ್ಕೆ ತಟ್ಟು. ನನಗೆ ಪುರುಸೊತ್ತಿಲ್ಲ," ಎಂದು ಅಂಗಳಕ್ಕಿಳಿದರು. ಪುರುಸೊತ್ತಿಲ್ಲದವರು ಮಾಡಿದ್ದೇನು? ತೆಂಗಿನ ಮರದ ಬುಡದಲ್ಲಿ ನಿಂತು ಎಲೆಯಡಿಕೆ ಜಗಿದದ್ದು.

ಎಲೆಯಡಿಕೆಯೂ ಏಪ್ರಿಲಿನ ಬಿಸು ಹಬ್ಬ ಕಳೆದ ಮೇಲೆ ಅಂಟಿದ ಹೊಸ ಚಾಳಿ. "ಬೀಡಿ ಬಿಟ್ಟೆ, ಬಾಯಿಗೆ ಎಂತಾದರೂ ಬೇಕಲ್ಲ" ಎಂಬ ಸಬೂಬು ಬೇರೆ. ಒಂದು ಪೀಡೆಯನ್ನು ಬಿಟ್ಟು ಇನ್ನೊಂದನ್ನು ಕಟ್ಟಿಕೊಂಡಿರಲ್ಲ ಎಂದು ಭವ್ಯಶ್ರೀ ಫೋನಿನಲ್ಲೇ ಜಗಳ ಮಾಡಿದ್ದಳು.

ಹಾಳಾಗಿ ಹೋಗಲಿ ಎಂದು ಅವಳು ಜಗಲಿಯಲ್ಲಿ ಕೂತು ಪುಸ್ತಕ ಬಿಡಿಸಿದಳು. ಗಟ್ಟಿಯಾಗಿ ತನಗೆ ತಾನೇ ಪಾಠ ಹೇಳಿಕೊಳ್ಳದಿದ್ದರೆ ಅವಳ ತಲೆಗೆ ಏನೂ ಇಳಿಯದು. "ಕಲ್ಲಿನ ಹುಡಿ ಶ್ವಾಸಕೋಶದಲ್ಲಿ ಕೂತವರಿಗೆ ಕ್ಷಯ ಬೇಗ ಹಿಡಿಯುತ್ತದೆ. ಕೆಮ್ಮು, ಸಂಜೆ ಜ್ವರ, ತೂಕ ಇಳಿಯುವುದು, ಕಫದಲ್ಲಿ ರಕ್ತ. ಬೀಡಿ ಸೇದುವವರಾದರೆ ಕ್ಯಾನ್ಸರನ್ನು ಮರೆಯಬಾರದು."

ತೆಂಗಿನ ಬುಡದಲ್ಲಿ ಜಗಿಯುವುದು ನಿಂತಿತು. ಅಪ್ಪ ಕೆಮ್ಮಿದರು, ಬಗ್ಗಿ ಬಗ್ಗಿ ಕೆಮ್ಮಿದರು. ಆಮೇಲೆ ಉಗುಳಿದರು. ಕೆಂಪು. ಎಲೆಯಡಿಕೆ ತಿಂದರೆ ಕೆಂಪಲ್ಲದೆ ಇನ್ನೇನು ಎಂದು ಭವ್ಯಶ್ರೀ ಪುಟ ಮಗುಚಿದಳು.

ಅಷ್ಟರಲ್ಲಿ ಅಡುಗೆಮನೆಯಿಂದ ಅಮ್ಮ ದಮಯಂತಿಯ ಸ್ವರ ಏರಿತು. "ಇವರಿಗೆ ಸುಣ್ಣ ತನ್ನಿ, ಸುಣ್ಣ ತನ್ನಿ ಎಂದು ಬಡ್ಕೊಂಡದ್ದೇ ಬಂತು! ಡಬ್ಬಿ ಒಣಗಿ ಎಷ್ಟು ಸಮಯ ಆಯಿತು. ಮನೆಗೆ ಬಂದವರಿಗೆ ಬರೀ ಎಲೆ, ಅಡಿಕೆ ಇಟ್ಟರೆ ಎಂತ ಗ್ರಹಿಸಿಯಾರು?"

ಭವ್ಯಶ್ರೀಯ ಕೈ ಪುಟದ ಮೇಲೆಯೇ ನಿಂತಿತು. ಸುಣ್ಣವಿಲ್ಲದೆ ಬಾಯಿ ಕೆಂಪಾಗುವುದುಂಟೇ? ಚಿಕ್ಕವಳಿದ್ದಾಗ ಅಜ್ಜಿಯ ತಟ್ಟೆಯಿಂದ ಎಲೆಯೂ ಅಡಿಕೆಯೂ ಕದ್ದು, ಸುಣ್ಣ ಮರೆತು, ಎಷ್ಟು ಜಗಿದರೂ ನಾಲಗೆ ಹಸಿರಾಗಿಯೇ ಉಳಿದದ್ದಕ್ಕೆ ಕನ್ನಡಿಯೆದುರು ಅತ್ತವಳು ಅವಳು. ಪುಸ್ತಕ ಬಿಸಾಡಿ ಅಂಗಳಕ್ಕೆ ಓಡಿದಳು. ಅಪ್ಪ ಉಗುಳಿದ ಜಾಗಕ್ಕೆ ಕಾಲಿನಿಂದ ಮಣ್ಣು ಎಳೆಯುತ್ತಿದ್ದರು.

"ಬಾಯಿ ತೆರೆಯಿರಿ."

"ಎಂತ ಮಂಗಾಟ ಇದು?"

"ತೆರೆಯಿರಿ ಅಪ್ಪ!"

ತೆರೆದರು. ಹಲ್ಲಿನ ಸಂದಿಯಲ್ಲಿ ಎಲೆಯ ಹಸಿರು. ನಾಲಗೆಯ ಹಿಂದೆ ರಕ್ತದ ಒಂದು ಎಳೆ. ಅವಳಿಗೆ ಅಳು ಬರಲಿಲ್ಲ. ಮೊದಲು ಬಂದದ್ದು ಸಿಟ್ಟು. ಮನೆಮಂದಿಯ ಕಣ್ಣಿಗೆ ಮಣ್ಣೆರಚಲು ಎಲೆಯಡಿಕೆ ಹಿಡಿದವರು, ಸುಣ್ಣ ತರಲು ಮರೆತಿದ್ದರಲ್ಲ!

"ಬೆಂಚಿನಲ್ಲಿ ಕೂತುಕೊಳ್ಳಿ."

"ಸೋಮವಾರ ಕಳೆಯಲಿ ಮಗಳೇ. ನಿನ್ನ ಪರೀಕ್ಷೆ..."

"ಕೂತುಕೊಳ್ಳಿ ಅಂದೆ."

ಕೂತರು. ಅಂಗಿ, ಬನಿಯನ್ ಕಳಚಿದಾಗ ಪಕ್ಕೆಲುಬುಗಳು ಎದ್ದು ಕಂಡವು. ಇಷ್ಟು ದಿನ ದೊಗಳೆ ಅಂಗಿ ಯಾಕೆ ಎಂದು ಈಗ ಗೊತ್ತಾಯಿತು.

"ಹೆಸರೆಂತ?"

"ಚೆನ್ನಪ್ಪ."

"ರಕ್ತ ಯಾವಾಗಿಂದ?"

ಅಪ್ಪ ಕಳಚಿದ ಬನಿಯನ್ ಮಡಚತೊಡಗಿದರು. ಅವಳು ಬೆಂಚಿನ ಹಲಗೆಗೆ ಕುಟ್ಟಿ ತೋರಿಸಿದಳು.

"ಬಿಸುವಿನಿಂದ," ಎಂದರು ಅಪ್ಪ.

"ಸಂಜೆ ಜ್ವರ?"

"ಉಂಟು."

"ಯಾಕೆ ಹೇಳಲಿಲ್ಲ?"

"ಅದು ನಿನ್ನ ಪುಸ್ತಕದ ಪ್ರಶ್ನೆ ಅಲ್ಲ," ಎಂದು ಅಪ್ಪ ಮುಖ ತಿರುಗಿಸಿದರು.

ಅವಳು ಎಡಗೈ ಬೆರಳನ್ನು ಬೆನ್ನಿಗೊತ್ತಿ ಬಲಗೈ ಬೆರಳಿನಿಂದ ತಟ್ಟಿದಳು. ಪ್ರತಿಸಲ ಈ ಹೊತ್ತಿಗೆ ಅಪ್ಪ, "ಹಲಸಿನಕಾಯಿ ಬೆಳೆದಿದೆಯಾ ಡಾಕ್ಟ್ರೇ?" ಎಂದು ನಗಿಸುತ್ತಿದ್ದರು. ಇವತ್ತು ಕಣ್ಣು ಮುಚ್ಚಿ ಕೂತಿದ್ದರು. ಎಡಗಡೆ ಸರಿಯಾದ ಟೊಳ್ಳು ಸದ್ದು ಬಂತು. ಬಲಗಡೆ ಮೇಲೆಯೂ ಬಂತು. ಕೆಳಗಿಳಿಯುತ್ತಿದ್ದಂತೆ ಸದ್ದು ಸತ್ತುಹೋಯಿತು. ಗೋಡೆಗೆ ತಟ್ಟಿದ ಹಾಗೆ. ಮತ್ತೊಮ್ಮೆ ತಟ್ಟಿದಳು, ತಾನೇ ತಪ್ಪಿರಲಿ ದೇವರೇ ಎಂದುಕೊಂಡು. ಅದೇ. ಸ್ಟೆತಾಸ್ಕೋಪು ಇಟ್ಟರೆ ಅಲ್ಲಿ ಉಸಿರೇ ಕೇಳುವುದಿಲ್ಲ. ಆಯುಷ್ಯವಿಡೀ ಕಲ್ಲು ಕುಟ್ಟಿದ ಅಪ್ಪನ ಕಿವಿಗೂ ಅದು ಬಿದ್ದಿತ್ತು. ಅವರ ಹೆಗಲು ಬಿಗಿಯಾಯಿತು.

"ಎಂತ?"

"ರೈಟ್ ಸೈಡೆಡ್ ಪ್ಲೂರಲ್ ಎಫ್ಯೂಷನ್," ಎಂದಿತು ಅವಳ ಬಾಯಿ, ಅಭ್ಯಾಸಬಲದಿಂದ.

ಅಪ್ಪ ಚಪ್ಪಾಳೆ ತಟ್ಟಲಿಲ್ಲ. "ಇವತ್ತು ನನಗೆ ಗೊತ್ತಾಗುವ ಹಾಗೆ ಹೇಳು."

"ಬಲಗಡೆ ಪುಪ್ಪುಸದ ಹೊರಗೆ ನೀರು ತುಂಬಿದೆ. ಕ್ಷಯ ಇರಬಹುದು. ಹಾಗಾದರೆ ಮಾತ್ರೆಯಲ್ಲೇ ಗುಣ ಆಗುತ್ತದೆ, ಅಪ್ಪ. ಪೂರ್ತಿ ಗುಣ ಆಗುತ್ತದೆ."

"ಕ್ಷಯ ಅಲ್ಲದಿದ್ದರೆ?"

"ಕ್ಷಯವೇ ಇರಬಹುದು."

"ಅಲ್ಲದಿದ್ದರೆ ಎಂತ ಅಂತ ಕೇಳಿದ್ದು ನಾನು."

ಅವಳು ಸ್ಟೆತಾಸ್ಕೋಪನ್ನು ಸುತ್ತಿದಳು, ಬಿಚ್ಚಿದಳು, ಮತ್ತೆ ಸುತ್ತಿದಳು. ಪರೀಕ್ಷಕರೆದುರು ಆ ಶಬ್ದವನ್ನು ಅವಳು ಪಟಪಟನೆ ಹೇಳಬಲ್ಲಳು. ಅಪ್ಪ ಅವಳ ಮುಖ ನೋಡಿದರು. ಆಮೇಲೆ ಮೆಲ್ಲ ಪಕ್ಕಕ್ಕೆ ಸರಿದು ಬೆಂಚಿನಲ್ಲಿ ಜಾಗ ಮಾಡಿದರು.

"ಬಾ. ಇಲ್ಲಿ ಕೂರು."

ಅವಳು ಕೂತಳು. ಬೆಂಚಿನಲ್ಲಿ ಕೂತವರು ಸುಳ್ಳು ಹೇಳಬಾರದು.

"ಕ್ಯಾನ್ಸರ್," ಎಂದಳು. ಎಂದವಳೇ ಅಪ್ಪನ ಹೆಗಲಿಗೆ ಹಣೆ ಒತ್ತಿ ಬಿಕ್ಕಿಬಿಕ್ಕಿ ಅತ್ತಳು.

ಅಪ್ಪ ಅವಳ ತಲೆಯ ಮೇಲೆ ಕೈಯಿಟ್ಟರು. "ಹಾಗಾದರೆ ಈಗಲೇ ಆಸ್ಪತ್ರೆಗೆ ಹೋಗುವ. ಕಾಸರಗೋಡಿಗೆ ಬಸ್ಸು ಉಂಟು," ಎಂದರು. ಮತ್ತೆ ಅಡುಗೆಮನೆಯ ಕಡೆ ಕಣ್ಣು ಹಾಯಿಸಿ ಸ್ವರ ತಗ್ಗಿಸಿದರು: "ಅಮ್ಮನಿಗೆ ಮಾತ್ರ ಇಂಗ್ಲಿಷಿನಲ್ಲಿ ಹೇಳು."

ದಮಯಂತಿ ಆಗಲೇ ಜಗಲಿಯ ಬಾಗಿಲಲ್ಲಿ ನಿಂತು ಎಲ್ಲ ಕೇಳಿಸಿಕೊಂಡಿದ್ದರು. ಒಂದು ಕೈಯಲ್ಲಿ ಸುಣ್ಣದ ಖಾಲಿ ಡಬ್ಬಿ, ಇನ್ನೊಂದರಲ್ಲಿ ಗಂಡನ ಇಸ್ತ್ರಿ ಹಾಕಿದ ಅಂಗಿ.