ಇನ್ನೊಂದು ಕಾಲು ಸುತ್ತು

ಬಸ್ ಡಿಪೋದಿಂದ ನಿವೃತ್ತನಾಗಿದ್ದ ಮೇಸ್ತ್ರಿಗೆ ಆ ಶನಿವಾರ ಬೆಳಗಿನಿಂದ ತಲೆ ಚಿಟ್ಟು ಹಿಡಿದಿತ್ತು. ಬೇಕಾಗಿದ್ದು ಒಂದೇ ಒಂದು ಬೋಲ್ಟ್, ಮನೆಯ ಹಳೇ ಕಾರಿನ ಇಂಜಿನ್ನಿಗೆ ಅದರ ಮೇಲಿನ ಮುಚ್ಚಳವನ್ನು, ಹೆಡ್ಡನ್ನು, ಬಿಗಿದಿಡುವಂಥದ್ದು. ಮಗಳಿಗೆ ಊರಾಚೆಯ ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿತ್ತು. ಸೋಮವಾರ ಸೇರಬೇಕು, ಆ ದಿಕ್ಕಿಗೆ ಬಸ್ಸಿಲ್ಲ. ಕಾರನ್ನು ಗ್ಯಾರೇಜಿಗೆ ಬಿಡೋಣ ಅಂತ ಅವಳು ಅಂದಿದ್ದಕ್ಕೆ, ಮನೆಯಲ್ಲೇ ಮೇಸ್ತ್ರಿ ಇರುವಾಗ ಕಂಡವರ ಕೈಗೆ ಯಾಕೆ ಕೊಡಬೇಕು ಎಂದು ರೇಗಿ, ತಾನೇ ರಿಪೇರಿ ಮಾಡಿ ಓಡಿಸಿ ತೋರಿಸುವುದಾಗಿ ಮಾತು ಕೊಟ್ಟಿದ್ದ.

ಡಿಪೋದಲ್ಲಿ ಅವನಿಗೆ ಪೈಲ್ವಾನ ಅಂತಲೇ ಹೆಸರು. ಹೆಚ್ಚು ಬಲ ಬೀಳಲೆಂದು ಸ್ಪ್ಯಾನರಿನ ಹಿಡಿಗೆ ಪೈಪು ತೊಡಿಸಿ, ಎಲ್ಲರೂ ಸಾಕು ಅಂದ ಮೇಲೆ ಇನ್ನೊಂದು ಕಾಲು ಸುತ್ತು ತಿರುಗಿಸಿದರೇ ಅವನ ಜೀವಕ್ಕೆ ಸಮಾಧಾನ. ಬಸ್ಸಿನ ದಪ್ಪ ಬೋಲ್ಟುಗಳು ಆ ಪ್ರೀತಿಯನ್ನು ಮೂವತ್ತು ವರ್ಷ ತಡೆದುಕೊಂಡವು. ಕಾರಿನದು ನಿನ್ನೆ ತಡೆದುಕೊಳ್ಳಲಿಲ್ಲ. ಮುರಿದ ತುಂಡನ್ನು ಇಕ್ಕಳದಲ್ಲಿ ಹಿಡಿದು ಹೊರತೆಗೆದವನು, ತುಕ್ಕು ತಿಂದಿತ್ತು, ಸುಡುಗಾಡು ಕಬ್ಬಿಣ ಎಂದು ಮನೆಯವರಿಗೆ ಹೇಳಿದ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂದು ಹೆಂಡತಿ ಒಳಗಿನಿಂದಲೇ ಗೊಣಗಿದಳು.

ಹೊಸ ಬೋಲ್ಟು ಕೇಳಿಕೊಂಡು ಹೋದ ಮೊದಲ ಅಂಗಡಿಯವನು ಗಾಡಿಯ ಹೆಸರು ಕೇಳಿ, ಅದು ಇನ್ನೂ ಬದುಕಿದೆಯಾ ಎಂದು ವಿಚಾರಿಸಿದ. ಎರಡನೆಯ ಕಡೆ ದಪ್ಪ ಸರಿಯಿತ್ತು, ಮೈಮೇಲಿನ ಸುತ್ತುಗೆರೆ, ಥ್ರೆಡ್, ಸರಿಯಿರಲಿಲ್ಲ. ಇವನ ಗಾಡಿಯದು ಇಂಚಿನ ಲೆಕ್ಕ, ಅವರಲ್ಲಿದ್ದದ್ದೆಲ್ಲ ಮಿಲಿಮೀಟರಿನದು. ಮುಂದಿನ ಕಡೆ ಥ್ರೆಡ್ ಕೂಡಿಬಂತು, ಉದ್ದ ಒಂದು ಬೆರಳು ಕಮ್ಮಿ. ಉದ್ದವೂ ಸರಿಯಾದದ್ದು ಒಂದು ಸಿಕ್ಕಿತು. ಅದು ಗೇಟಿಗೆ ಹಾಕುವ ಮೆತ್ತನೆಯ ಕಬ್ಬಿಣ, ಇಂಜಿನ್ನಿನ ಕಾವಿಗೆ ನಿಲ್ಲುವುದಿಲ್ಲ. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎಂದು ಬೈದುಕೊಂಡ. ಹೋದಲ್ಲೆಲ್ಲ, ಯಾರೂ ಕೇಳದಿದ್ದರೂ, ಹಳೆಯದು ತುಕ್ಕು ಹಿಡಿದು ಮುರಿಯಿತು ಅಂತ ಹೇಳುತ್ತಲೇ ಇದ್ದ.

ಕೊನೆಗೆ ಗುಜರಿ ಅಂಗಡಿಯ ಹಿತ್ತಲಲ್ಲಿ, ಬಕೆಟ್ಟು ಬಾಗಿಲುಗಳ ರಾಶಿಯ ಅಡಿಯಲ್ಲಿ, ಅಂಥದೇ ಇಂಜಿನ್ನು ಕವುಚಿ ಬಿದ್ದಿತ್ತು. ಬೋಲ್ಟುಗಳನ್ನೆಲ್ಲ ಯಾರೋ ಮೊದಲೇ ಬಿಚ್ಚಿಕೊಂಡು ಹೋಗಿದ್ದರು. ಸುಲಭಕ್ಕೆ ಕೈ ಹೋಗದ ಮೂಲೆಯಲ್ಲಿ ಒಂದು ಉಳಿದಿತ್ತು. ಗೆಣ್ಣಿನ ಚರ್ಮ ಕಿತ್ತು ರಕ್ತ ಬಂದರೂ ಬಿಡದೆ ತೆಗೆದ. ಥ್ರೆಡ್, ಉದ್ದ, ದಪ್ಪ, ಎಲ್ಲ ಸರಿ. ನಾಳೆ ಅಂಗಡಿಗಳು ಮುಚ್ಚಿರುತ್ತವೆ, ಆದರೂ ಇನ್ನು ಚಿಂತೆಯಿಲ್ಲ ಅನ್ನಿಸಿತು.

ಮನೆಗೆ ಬಂದಾಗ ಮಗಳು ಗೆಳತಿಯ ಅಣ್ಣನಿಂದ ಟಾರ್ಕ್ ವ್ರೆಂಚ್ ತಂದಿಟ್ಟಿದ್ದಳು. ಬಿಗಿ ಸಾಕಾದಾಗ ಟಿಕ್ ಎಂದು ತಾನೇ ಹೇಳುವ ಸ್ಪ್ಯಾನರ್ ಅದು. ಕಬ್ಬಿಣ ನನಗೆ ಬುದ್ಧಿ ಹೇಳುವ ಕಾಲ ಬಂತು ಎಂದು ಮುಖ ಸಿಂಡರಿಸಿದರೂ, ಅವಳ ಮಾತಿಗೆ ಕಟ್ಟುಬಿದ್ದು ಅದರಲ್ಲೇ ಬಿಗಿದ. ಅವಳು ಟಾರ್ಚು ಹಿಡಿದು ನಿಂತಿದ್ದಳು. ಸ್ಪ್ಯಾನರ್ ಟಿಕ್ ಅಂದಿತು.

"ಸಾಕಪ್ಪ, ಬಿಡು," ಎಂದಳು.

ಸಾಕು ಅಂತ ಅವನ ಕಿವಿಗೂ ಕೇಳಿಸಿತ್ತು. ಆದರೆ ಕೈಗೆ ಸಾಲದು ಅನ್ನಿಸಿತು. ಸಡಿಲ ಬಿಟ್ಟರೆ ದಾರಿಯ ಮಧ್ಯೆ ಮಗಳು ಕೆಟ್ಟ ಗಾಡಿಯ ಜೊತೆ ಒಬ್ಬಳೇ ನಿಂತಿರುವುದು ಕಣ್ಣಿಗೆ ಕಟ್ಟಿತು. ಟಾರ್ಕ್ ವ್ರೆಂಚ್ ಪಕ್ಕಕ್ಕಿಟ್ಟು ತನ್ನ ಸ್ಪ್ಯಾನರಿಗೆ ಪೈಪು ತೊಡಿಸಿದ. ಅವಳು ಬೇಡಪ್ಪ ಅನ್ನುವಷ್ಟರಲ್ಲಿ ಕಾಲು ಸುತ್ತು ತಿರುಗಿತ್ತು. ತಟಕ್ಕನೆ ಪೈಪು ಹಗುರಾಯಿತು, ಬೋಲ್ಟಿನ ತಲೆ ಉದುರಿ ಕಾರಿನ ಕೆಳಗೆ ಉರುಳಿತು.

ಮಗಳು ಬಗ್ಗಿ ಅದನ್ನು ಹುಡುಕಿ ತೆಗೆದಳು. ಟಾರ್ಚಿನ ಬೆಳಕಿನಲ್ಲಿ ಮುರಿದ ಜಾಗವನ್ನು ನೋಡಿದಳು. ಎಲ್ಲೂ ತುಕ್ಕಿರಲಿಲ್ಲ, ಉಕ್ಕು ಬೆಳ್ಳಗೆ ಹೊಳೆಯುತ್ತಿತ್ತು.

"ನಿನ್ನೆದೂ ಹೀಗೇನಾ ಅಪ್ಪ?"

ತುಕ್ಕು ಅನ್ನುವ ಉತ್ತರ ಬಾಯಲ್ಲಿ ಸಿದ್ಧವಾಗಿಯೇ ಇತ್ತು. ಇಡೀ ದಿನ ಊರಿಗೆಲ್ಲ ಅದನ್ನೇ ಹಂಚಿ ಬಂದಿದ್ದ. ಅದನ್ನು ನುಂಗಿಕೊಂಡು, ಹೌದು ಎಂದು ತಲೆಯಾಡಿಸಿದ.

ಅವಳು ಬಯ್ಯಲಿಲ್ಲ. ಬಯ್ದಿದ್ದರೆ ತಿರುಗಿ ಕೂಗಾಡಿ ಹಗುರಾಗುತ್ತಿದ್ದ.

"ಇರ್ಲಿ ಬಿಡು, ಸೋಮವಾರ ನನ್ನ ಕರ್ಕೊಂಡು ಹೋಗೋಕೆ ಯಾರನ್ನಾದ್ರೂ ಕೇಳ್ತೀನಿ," ಎಂದು ಟಾರ್ಚನ್ನು ಅವನ ಕೈಗೆ ಕೊಟ್ಟು, ಫೋನು ತರಲು ಒಳಗೆ ಹೋದಳು.