ಬೀಗರಿಬ್ಬರು ಸೇರಿ ಕೂರಿಸಿದ ಇಂಪೆಲರ್

ಮಾರ್ಚ್ ಹದಿನಾಲ್ಕು, ಶನಿವಾರ, ಬೆಳಗ್ಗೆ ಎಂಟು ಗಂಟೆ ಇಪ್ಪತ್ತು ನಿಮಿಷ. ಲ್ಯಾಬ್ ಮೇಷ್ಟ್ರು ಬೀಗರ ವರ್ಕ್‌ಶಾಪಿನ ಬಾಗಿಲಲ್ಲಿ ಸಿಕ್ಕಿಹಾಕಿಕೊಂಡಿದ್ದರು. ಗಾಡಿಗಳಿಗೆ ಸರೋವರದ ಕಡೆ ದೊಡ್ಡ ಶಟರ್ ಇತ್ತು, ಜನ ಓಡಾಡುವ ಈ ಬಾಗಿಲು ಒಬ್ಬರು ದಾಟುವಷ್ಟೇ ಅಗಲ. "ನೀವು ಮೊದಲು" ಎಂದು ಇವರು, "ಛೆ, ನೀವು ಬನ್ನಿ" ಎಂದು ಬೀಗರು. ಮೇಷ್ಟ್ರು ತಮ್ಮ ಮಗಳನ್ನು ಬೀಗರ ಮಗನಿಗೆ ಕೊಟ್ಟು ಆರು ವರ್ಷವಾಗಿತ್ತು. ಈ ಆರು ವರ್ಷದಲ್ಲಿ ಇಬ್ಬರೂ ಯಾವ ಬಾಗಿಲನ್ನೂ ಒಂದು ನಿಮಿಷಕ್ಕಿಂತ ಕಡಿಮೆ ಹೊತ್ತಿನಲ್ಲಿ ದಾಟಿದ್ದಿಲ್ಲ. ಕೊನೆಗೆ ಮಗಳೇ ಒಳಗಿನಿಂದ ಬಂದು, ಇಬ್ಬರೂ ಅಡ್ಡಡ್ಡ ತಿರುಗಿಕೊಂಡರೆ ಒಟ್ಟಿಗೇ ತೂರಬಹುದು ಎಂದಳು.

ಒಳಗೆ ಟ್ರಾಲಿಯ ಮೇಲೆ ಅವಳ ವಾಟರ್ ಸ್ಕೂಟರ್ ಕೂತಿತ್ತು. ಸೀಟು ಬಿಳಿ, ಮೈ ನೀಲಿ, ಹೊಟ್ಟೆಯ ಮೇಲೆಲ್ಲ ಗೀರು. ಸರೋವರದ ರಕ್ಷಣಾ ದಳಕ್ಕೆ ಆ ವರ್ಷ ಒಬ್ಬ ಸವಾರ ಬೇಕಾಗಿದ್ದರು. ಪರೀಕ್ಷೆ ಅದೇ ದಿನ ಸಂಜೆ ನಾಲ್ಕಕ್ಕೆ. ದಡದಿಂದ ಇನ್ನೂರು ಮೀಟರ್ ಹೋಗಬೇಕು, ತೇಲುತ್ತಿರುವ ಆಳೆತ್ತರದ ಬೊಂಬೆಯನ್ನು ಎಳೆದು ಹಿಂದಿನ ಸೀಟಿಗೆ ಹಾಕಿಕೊಳ್ಳಬೇಕು, ಎಪ್ಪತ್ತೈದು ಸೆಕೆಂಡಿನೊಳಗೆ ವಾಪಸ್ಸು ದಡ ಮುಟ್ಟಬೇಕು. ಗಾಡಿ ಅವರವರದೇ. ಹೋದ ವರ್ಷ ಅವಳು ಎರಡು ಸೆಕೆಂಡು ತಡವಾಗಿ ಬಂದು, ವರ್ಷವಿಡೀ ದೋಣಿಕಟ್ಟೆಯಲ್ಲಿ ಟಿಕೆಟ್ ಹರಿಯುತ್ತ ಕೂತಿದ್ದಳು. ಮೂವತ್ತಮೂರು ತುಂಬಿದವರನ್ನು ದಳಕ್ಕೆ ಹೊಸದಾಗಿ ಸೇರಿಸಿಕೊಳ್ಳುವುದಿಲ್ಲ. ಅವಳಿಗೆ ಜುಲೈಯಲ್ಲಿ ಮೂವತ್ತಮೂರು.

ಗುರುವಾರ ಅಭ್ಯಾಸದ ಹೊತ್ತಿನಲ್ಲಿ ಗಾಡಿ ತಳದಿಂದ ಜಲ್ಲಿ ನುಂಗಿತ್ತು. ನೀರನ್ನು ಕೆಳಗಿನಿಂದ ಎಳೆದು ಹಿಂದಕ್ಕೆ ಚಿಮ್ಮಿಸುವ ಚಕ್ರವೇ ಇಂಪೆಲರ್. ಅದರ ರೆಕ್ಕೆಗಳ ಅಂಚೆಲ್ಲ ಇಲಿ ಕಡಿದ ಹಾಗಾಗಿತ್ತು. ಹೊಸದು ಶುಕ್ರವಾರ ಸಂಜೆ ಬಂತು. ಕೂರಿಸಬೇಕಾದ ಅಳಿಯ ಹಿಂದಿನ ವಾರವಷ್ಟೇ ಎಂಜಿನ್ ಎತ್ತಲು ಹೋಗಿ ಭುಜದ ಕೀಲು ತಪ್ಪಿಸಿಕೊಂಡು ಮನೆಯಲ್ಲಿ ಮಲಗಿದ್ದ. ಮಗಳಿಗೆ ಒಂಬತ್ತರಿಂದ ಮಧ್ಯಾಹ್ನದವರೆಗೂ ಟಿಕೆಟ್ ಕಟ್ಟೆಯ ಪಾಳಿ. ಬೀಗರು ನಲವತ್ತು ವರ್ಷದ ಮೆಕ್ಯಾನಿಕ್, ಆದರೆ ಈ ಕೆಲಸಕ್ಕೆ ನಾಲ್ಕು ಕೈ ಬೇಕು. ಹಾಗಾಗಿ ಮೇಷ್ಟ್ರು ಬಂದಿದ್ದರು. ಕಾಲೇಜಿನ ಭೌತಶಾಸ್ತ್ರದ ಲ್ಯಾಬಿನಲ್ಲಿ ಮೂವತ್ತೊಂದು ವರ್ಷ ಉಪಕರಣ ನೋಡಿಕೊಂಡವರು ಅವರು. ಒಂದು ಲೆನ್ಸಿನ ಮೇಲೂ ಬೆರಳಿನ ಗುರುತು ಉಳಿಯಗೊಟ್ಟವರಲ್ಲ.

ಕೆಲಸ ಚೆನ್ನಾಗಿಯೇ ಸಾಗಿತು. ನಾಲ್ಕು ಬೋಲ್ಟ್ ಬಿಚ್ಚಿ, ಇಂಪೆಲರ್ ಕೂತಿರುವ ಪಂಪನ್ನು ಹೊರಗೆಳೆದು ವೈಸಿನಲ್ಲಿ ಬಿಗಿದರು. ಇಂಪೆಲರಿನ ತಿರುಪು ಎಡಗೈಯದು, ಬಲಕ್ಕೆ ತಿರುಗಿಸಿದರೆ ಬಿಚ್ಚಿಕೊಳ್ಳುತ್ತದೆ ಎಂದು ಬೀಗರು ವಿವರಿಸಿದರು. ಮೇಷ್ಟ್ರಿಗೆ ಅದು ಆಗಲೇ ಕಣ್ಣಿಗೆ ಬಿದ್ದಿತ್ತು. ಆದರೂ "ಹೌದಾ, ಗೊತ್ತಿರಲಿಲ್ಲ" ಎಂದರು. ಹೊಸದನ್ನು ಕೂರಿಸಿದ ಮೇಲೆ ರೆಕ್ಕೆಯ ತುದಿಗೂ ಸುತ್ತಲಿನ ಬಳೆಗೂ ನಡುವಿನ ಸಂದನ್ನು ಮೇಷ್ಟ್ರು ಫೀಲರ್ ಗೇಜಿನ ತೆಳು ತಗಡುಗಳಿಂದ ಅಳೆದರು. ಮೂರು ರೆಕ್ಕೆಗೂ ಸೊನ್ನೆ ಪಾಯಿಂಟ್ ಮೂರು ಮಿಲಿಮೀಟರ್. ಬೀಗರು ಸಾಮಾನ್ಯವಾಗಿ ಕ್ಯಾಲೆಂಡರಿನ ಹಾಳೆಯನ್ನು ಮಡಿಸಿ ತೂರಿಸಿ ನೋಡುವವರು. ಅದನ್ನು ಹೇಳದೆ, "ಓದಿದವರ ಕೈ ಅಂದ್ರೆ ಇದು" ಎಂದು ಹೊಗಳಿದರು.

ಸಾಯಂಕಾಲದ ಹೊತ್ತಿಗೆ ಗಾಡಿ ಸಿದ್ಧ ಎನ್ನುವುದರಲ್ಲಿ ಇಬ್ಬರಿಗೂ ಅನುಮಾನವೇ ಇರಲಿಲ್ಲ. ಹನ್ನೊಂದಕ್ಕೆ ಪಂಪು ಮತ್ತೆ ಸ್ವಸ್ಥಾನ ಸೇರಿತು. ಹನ್ನೆರಡೂವರೆಗೆ ಮಗಳು ಪಾಳಿ ಮುಗಿಸಿ ಬಂದು ಗಾಡಿಯನ್ನು ನೀರಿಗಿಳಿಸಿದಳು. ದಡದಲ್ಲಿ ಇಬ್ಬರು ಅಪ್ಪಂದಿರೂ ಕೈ ಒರೆಸಿಕೊಳ್ಳುತ್ತ ನಿಂತರು.

ಎಂಜಿನ್ ಕೂಗಿತು. ಕೂಗು ಏರುತ್ತಲೇ ಹೋಯಿತು. ಗಾಡಿ ಮಾತ್ರ ಮದುವೆ ಊಟ ಮುಗಿಸಿದವರ ಹಾಗೆ ಹೊರಟಿತು. ಹಿಂದೆ ಬರಿಯ ನೊರೆ. ಹೋಗಿ ಬರಲು ಅವಳಿಗೆ, ಬೊಂಬೆಯನ್ನು ಮುಟ್ಟದೆಯೇ, ತೊಂಬತ್ತು ಸೆಕೆಂಡಿಗೂ ಮೇಲೆ ಹಿಡಿಯಿತು.

ಅವಳು ಇಳಿದು ಬಂದಳು. ಮುಖದಲ್ಲಿ ಸಿಟ್ಟಿರಲಿಲ್ಲ, ಲೆಕ್ಕವಿತ್ತು. ಪಂಪು ನೀರಿನ ಜೊತೆ ಗಾಳಿಯನ್ನೂ ಎಳೆಯುತ್ತಿದೆ ಎಂದಳು. ಸಂದು ಸರಿಯಿದ್ದರೆ ಗಾಳಿ ಬರುವ ಜಾಗ ಇನ್ನೊಂದೇ ಒಂದು: ಪಂಪು ಗಾಡಿಯ ಹೊಟ್ಟೆಗೆ ಅಂಟುವ ಅಂಚು. ಅಲ್ಲಿ ಸುತ್ತಲೂ ಸಿಲಿಕೋನ್ ಅಂಟು ಹಚ್ಚಬೇಕು.

"ಅಂಟು ಹಚ್ಚಿದ್ದು ಯಾರು?" ಎಂದು ಕೇಳಿದಳು.

ಮೇಷ್ಟ್ರಿಗೆ ಬೆಳಗಿನದು ನೆನಪಾಯಿತು. ಹತ್ತೂವರೆಯ ಹೊತ್ತಿಗೆ, ಮೇಷ್ಟ್ರು ಗೇಜಿನಲ್ಲೇ ಮುಳುಗಿದ್ದಾಗ, ಗೇಟಿನ ಬಳಿ ಯಾರೋ ಕೂಗಿದರೆಂದು ಬೀಗರು ಹೊರಗೆ ಹೋಗಿದ್ದರು. ತಲೆ ಎತ್ತಿದಾಗ ಆ ಅಂಚಿನ ಮೇಲೆ ಬೂದು ಬಣ್ಣದ ಜಿಗಟು ಏನೋ ಮೆತ್ತಿಕೊಂಡಿದ್ದನ್ನು ಮೇಷ್ಟ್ರು ಕಂಡಿದ್ದರು. ಹಳೆಯ ಕೊಳೆ ಉಳಿದಿದೆ, ಪಾಪ, ಬೀಗರ ಕಣ್ಣಿಗೆ ಬಿದ್ದಿಲ್ಲ. ಹೇಳಿದರೆ ನೊಂದುಕೊಂಡಾರು ಎಂದುಕೊಂಡು ಬಟ್ಟೆಗೆ ಥಿನ್ನರ್ ಹಾಕಿ ಫಳಫಳ ಹೊಳೆಯುವಂತೆ ಒರೆಸಿಬಿಟ್ಟಿದ್ದರು. ಬೀಗರು ಬಂದಾಗ ಆ ಮಾತನ್ನೇ ಎತ್ತಿರಲಿಲ್ಲ.

ಬೀಗರು ಕೆಮ್ಮಿದರು. "ನನ್ನದೇ ತಪ್ಪಮ್ಮ. ವಯಸ್ಸಾಯ್ತು ನೋಡು, ಹಚ್ಚೋದೇ ಮರ್ತೆ ಅಂತ ಕಾಣುತ್ತೆ" ಎಂದರು.

ಮಾತು ಅಲ್ಲಿಗೇ ನಿಲ್ಲಬಹುದಿತ್ತು. ಮಗಳು ಮಾವನನ್ನು ಬೈಯುವವಳಲ್ಲ. ಅಂಟು ಮತ್ತೆ ಹಚ್ಚುತ್ತಾರೆ, ಮೇಷ್ಟ್ರ ಹೆಸರಿಗೆ ಒಂದು ಗೀರೂ ಬೀಳುವುದಿಲ್ಲ. ಆದರೆ ಬೀಗರ ಮುಖ ನೋಡಿದರೆ ಅವರು ನಿಜಕ್ಕೂ ತಮ್ಮ ನೆನಪನ್ನೇ ಸಂಶಯಿಸುತ್ತಿರುವಂತೆ ಕಾಣುತ್ತಿತ್ತು. ಮರೆತೆ ಎಂದು ನಂಬಿದವರು, ಬೇರೆ ಏನೇನು ಮರೆತೆನೋ ಎಂದು ಪ್ರತಿ ಬೋಲ್ಟನ್ನೂ ಮತ್ತೆ ಬಿಚ್ಚಿ ನೋಡುತ್ತಾರೆ. ಅಷ್ಟಕ್ಕೆ ಸಮಯವಿರಲಿಲ್ಲ. ಮೂವತ್ತೊಂದು ವರ್ಷ ಮೇಷ್ಟ್ರು ಹುಡುಗರಿಗೆ ಹೇಳಿಕೊಟ್ಟದ್ದು ಒಂದೇ: ತಪ್ಪು ಓದಿದ ಅಂಕಿಯನ್ನು ಅಳಿಸಬೇಡಿ, ಅಡ್ಡಗೆರೆ ಹಾಕಿ ಪಕ್ಕದಲ್ಲಿ ಸರಿ ಬರೆಯಿರಿ.

"ಅವರು ಹಚ್ಚಿದ್ರು. ನಾನು ಒರೆಸಿಬಿಟ್ಟೆ" ಎಂದರು. "ಕೊಳೆ ಅಂದ್ಕೊಂಡೆ."

ಮಗಳು ಅಪ್ಪನನ್ನು ನೋಡಿದಳು. ಆಮೇಲೆ ಮಾವನನ್ನು.

ಬೀಗರು ತಲೆ ಕೆರೆದುಕೊಂಡರು. "ಮರ್ತೆ ಅಂದದ್ದು ಸುಮ್ನೆ. ನಾನೂ ನೋಡಿದೆ. ಬಂದಾಗ ಅಂಚು ಬೋಳಾಗಿತ್ತು. ಕಾಲೇಜಿನವರು, ಏನೋ ಹೊಸ ಪದ್ಧತಿ ಇರಬೇಕು ಅಂದ್ಕೊಂಡು ಸುಮ್ಮನಾದೆ. ಬೀಗರನ್ನ ಹಾಗೆಲ್ಲ ಕೇಳೋಕಾಗುತ್ತಾ?"

"ಆರು ವರ್ಷದಿಂದ ನಿಮ್ಮಿಬ್ಬರದು ಇದೇ ಆಯ್ತು" ಎಂದಳು ಮಗಳು. "ಇನ್ನು ಮೂರು ಗಂಟೆ ನೀವು ಬೀಗರಲ್ಲ. ಕೂಲಿಯವರು. ಬಾಯಿ ಬಿಟ್ಟು ಮಾತಾಡಿ, ಬೈಬೇಕಾದ್ರೆ ಬೈಯಿರಿ."

ಗಾಡಿ ಮತ್ತೆ ಟ್ರಾಲಿ ಹತ್ತಿತು. ಬಾಗಿಲಲ್ಲಿ ಈ ಸಲ ಬೀಗರು ಮೊದಲು ನುಗ್ಗಿದರು, ಮೇಷ್ಟ್ರ ಕಾಲನ್ನೂ ತುಳಿದರು. ಮೊದಮೊದಲು ಬೈಗುಳ ಇಬ್ಬರ ಬಾಯಿಗೂ ಒಗ್ಗಲಿಲ್ಲ. ಬೀಗರು "ಸ್ವಲ್ಪ ಆ ಕಡೆ ಸರೀರಿ, ದಯವಿಟ್ಟು" ಎಂದು ಶುರುಮಾಡಿ, ಎರಡನೇ ಬೋಲ್ಟಿನ ಹೊತ್ತಿಗೆ "ಬೆಳಕಿಗೆ ಅಡ್ಡ ನಿಲ್ಲಬೇಡಿ ಅಂತ ಎಷ್ಟು ಸಲ ಹೇಳೋದು" ಎನ್ನುವಲ್ಲಿಗೆ ಬಂದರು. ಮೇಷ್ಟ್ರೂ ಬಿಡಲಿಲ್ಲ. ಬೋಲ್ಟುಗಳನ್ನು ಗುಡ್ಡೆ ಹಾಕಿದರೆ ಯಾವುದು ಯಾವ ತೂತಿನದೆಂದು ಯಾರಿಗೆ ತಿಳಿಯಬೇಕು, ಇದೇನು ಕಡಲೆಕಾಯಿಯೇ ಎಂದು ಕೇಳಿದರು. ಕ್ಯಾಲೆಂಡರ್ ಹಾಳೆಯ ಸಂಗತಿಯೂ ಹೊರಬಿತ್ತು. ಅಳತೆಗೆ ಕ್ಯಾಲೆಂಡರೇ ಎಂದು ಮೇಷ್ಟ್ರು ನಕ್ಕರೆ, ಬೀಗರು ಗೋಡೆಯ ಹಾಳೆಯ ಒಂದು ಮೂಲೆ ಹರಿದು ಎರಡಾಗಿ ಮಡಿಸಿ ಸಂದಿಗೆ ತೂರಿಸಿ ತೋರಿಸಿದರು. ಬಿಗಿಯಾಗಿ ಹಿಡಿಯಿತು. ಮೇಷ್ಟ್ರು ಮಡಿಕೆಯ ದಪ್ಪ ಅಳೆದರೆ, ಅದೂ ಸೊನ್ನೆ ಪಾಯಿಂಟ್ ಮೂರೇ.

ಜಗಳ ನಿಜವಾಗಿ ಬಂದದ್ದು ಅಂಟು ಹಚ್ಚಿದ ಮೇಲೆ. ಟ್ಯೂಬಿನ ಮೇಲಿನ ಸಣ್ಣ ಅಕ್ಷರವನ್ನು ಮೇಷ್ಟ್ರು ಓದಿದ್ದರು.

"ಇಪ್ಪತ್ನಾಲ್ಕು ಗಂಟೆ ಒಣಗಬೇಕು ಅಂತಿದೆ" ಎಂದರು. "ನಮ್ಮ ಹತ್ರ ಎರಡೇ ಗಂಟೆ ಇರೋದು."

"ಅದು ಗಾಜಿನ ತೊಟ್ಟಿ ಕಟ್ಟೋರಿಗೆ. ಇಲ್ಲಿ ಅಂಟು ಏನನ್ನೂ ಹಿಡಿಯೋದಿಲ್ಲ, ಬೋಲ್ಟ್ ಹಿಡಿಯುತ್ತೆ. ಅಂಟು ಸಂದು ಮುಚ್ಚಿದ್ರೆ ಸಾಕು."

ಮೇಷ್ಟ್ರು ಸುಮ್ಮನಾಗಲಿಲ್ಲ. ಬೆಳಗ್ಗೆಯಾಗಿದ್ದರೆ ಸುಮ್ಮನಾಗುತ್ತಿದ್ದರು. ಎಷ್ಟು ಸಲ ಹೀಗೆ ಎರಡು ಗಂಟೆಯಲ್ಲಿ ನೀರಿಗೆ ಬಿಟ್ಟಿದ್ದೀರಿ, ಅದರಲ್ಲಿ ಎಷ್ಟು ಸಲ ಸೋರಿತು ಎಂದು ಕೇಳಿದರು. ಬೀಗರು ಯೋಚಿಸಿ, ಹತ್ತು ಹನ್ನೆರಡು ಸಲ ಬಿಟ್ಟಿರಬಹುದು, ಒಂದು ಸಲ ಸೋರಿತ್ತು ಎಂದರು. ಆ ಒಂದು ಸಲ ಅಂಟು ದಪ್ಪ ಹಚ್ಚಿದ್ದರಂತೆ. ಮೇಷ್ಟ್ರು ಬಗ್ಗಿ ಅಂಚನ್ನು ನೋಡಿದರು. ಕೆಳಮೂಲೆಯಲ್ಲಿ ಪದರ ದಪ್ಪವಾಗಿತ್ತು. ಇದನ್ನು ತೆಳುಮಾಡಿ ಎಂದು ಬೆರಳು ತೋರಿಸಿದರು. ಬೀಗರು ಗೊಣಗಿದರು, ತೆಳುಮಾಡಿದರು. "ಈಗ ಒರೆಸಿದ್ರೆ ಕೈ ಮುರಿತೀನಿ" ಎಂದು ಸೇರಿಸಿದರು.

ಒಂದು ಗಂಟೆ ಐವತ್ತು ನಿಮಿಷಕ್ಕೆ ಕೊನೆಯ ಬೋಲ್ಟ್ ಬಿಗಿಯಿತು. ಅಲ್ಲಿಂದ ಮೂರೂಮುಕ್ಕಾಲರವರೆಗೆ ಇಬ್ಬರೂ ಗಾಡಿಯ ಎರಡು ಕಡೆ ಸ್ಟೂಲು ಹಾಕಿಕೊಂಡು, ಯಾರೂ ಅದರ ಹತ್ತಿರ ಸುಳಿಯದಂತೆ, ಮುಖ್ಯವಾಗಿ ಒಬ್ಬರಿಗೊಬ್ಬರು ಅದನ್ನು ಮುಟ್ಟಗೊಡದಂತೆ, ಕಾವಲು ಕೂತರು. ನೀರಿನಲ್ಲಿ ಒಮ್ಮೆ ಓಡಿಸಿ ನೋಡಲು ಸಮಯ ಸಾಲದು. ಏನಿದ್ದರೂ ಪರೀಕ್ಷೆಯಲ್ಲೇ ತಿಳಿಯಬೇಕಿತ್ತು.

ನಾಲ್ಕು ಗಂಟೆ ಹತ್ತು ನಿಮಿಷಕ್ಕೆ, ಎಲ್ಲರಿಗಿಂತ ಕೊನೆಗೆ, ಮಗಳ ಸರದಿ ಬಂತು. ಮುಂಚೆ ಹೋದವರು ಯಾರೂ ಎಪ್ಪತ್ತೈದರೊಳಗೆ ಬಂದಿರಲಿಲ್ಲ. ಸೀಟಿ ಊದಿದ ಕೂಡಲೇ ಗಾಡಿ ಹೊಡೆತ ತಿಂದ ಕುದುರೆಯಂತೆ ಮುಂದಕ್ಕೆ ನೆಗೆಯಿತು. ಹಿಂದೆ ನೊರೆಯಿಲ್ಲ, ಗಟ್ಟಿ ನೀರಿನ ಒಂದೇ ಕಂಬ. ಬೀಗರು ಮೇಷ್ಟ್ರ ತೋಳನ್ನು ಹಿಡಿದದ್ದು ಇಬ್ಬರಿಗೂ ತಿಳಿಯಲಿಲ್ಲ. ಬೊಂಬೆ ಒಮ್ಮೆ ಕೈ ಜಾರಿತು. ಎರಡನೆಯ ಎಳೆತಕ್ಕೆ ಹಿಂದಿನ ಸೀಟಿಗೆ ಬಂತು. ಗಾಡಿ ತಿರುಗಿ ನೇರ ದಡಕ್ಕೆ ಮುಖ ಮಾಡಿತು.

ಮುಂಭಾಗ ಮರಳಿಗೆ ತಾಗಿದಾಗ ದಳದ ಅಧಿಕಾರಿ ಗಡಿಯಾರ ಒತ್ತಿ, ಅಂಕಿಯನ್ನು ಎರಡು ಸಲ ನೋಡಿ, ಹಾಳೆಯಲ್ಲಿ ಬರೆದುಕೊಂಡು, ಎಲ್ಲರಿಗೂ ಕೇಳುವಂತೆ ಓದಿದರು: ಎಪ್ಪತ್ತೆರಡು ಪಾಯಿಂಟ್ ನಾಲ್ಕು ಸೆಕೆಂಡು.